ಸಾವಿನ ನಂತರ ನಾನು ಯಾರು?

ಹತ್ತಿರದವರು ತೀರಿಕೊಂಡಾಗ ಆಗುವ ಸಂಕಟ ರೋಗವಲ್ಲ. ನಿದ್ದೆ ಬಾರದಿರುವುದು, ಅನ್ನ ಸೇರದಿರುವುದು, ಸತ್ತವರ ದನಿ ಕಿವಿಗೆ ಬಿದ್ದಂತಾಗುವುದು, ಸುಮ್ಮಸುಮ್ಮನೆ ಸಿಟ್ಟು ಬರುವುದು, ಇವೆಲ್ಲ ಸಹಜ. ಹೆಚ್ಚಿನವರು ಮನೆಮಂದಿಯ, ನೆರೆಹೊರೆಯವರ ಆಸರೆಯಲ್ಲೇ ಇದನ್ನು ದಾಟುತ್ತಾರೆ. ಅವರಿಗೆ ಚಿಕಿತ್ಸೆ ಬೇಕಿಲ್ಲ. ಕೆಲವರಲ್ಲಿ ಮಾತ್ರ ನೋವು ಮೊದಲ ದಿನದಷ್ಟೇ ತೀವ್ರವಾಗಿ ಉಳಿದು ಬದುಕಿನ ಕೆಲಸಗಳನ್ನೇ ನಿಲ್ಲಿಸಿಬಿಡುತ್ತದೆ. ಇದಕ್ಕೆ ದೀರ್ಘಕಾಲಿಕ ಶೋಕ ಎಂದು ಹೆಸರು. ಇದನ್ನು ಗುರುತಿಸಲು ಕನಿಷ್ಠ 6 ತಿಂಗಳು ಕಾಯಬೇಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಮೆರಿಕದ ಮನೋವೈದ್ಯರ ಸಂಘ 2022ರ ಕೈಪಿಡಿಯಲ್ಲಿ ವಯಸ್ಕರಿಗೆ 12 ತಿಂಗಳ ಗಡುವು ಇಟ್ಟಿದೆ. ವ್ಯಾಖ್ಯೆ ಇಷ್ಟು ಸಾಕು.

ಸಾವು ಒಬ್ಬರನ್ನು ಒಯ್ಯುವಾಗ ಉಳಿದವರ ಸ್ಥಾನಮಾನ, ದಿನಚರಿ, ಕೆಲವೊಮ್ಮೆ ಹೆಸರನ್ನೂ ಜೊತೆಗೆ ಒಯ್ಯುತ್ತದೆ. ಸಾಂಗಲಿ ಜಿಲ್ಲೆಯ ಜತ್ತ ತಾಲೂಕನ್ನೇ ತೆಗೆದುಕೊಳ್ಳಿ. 1948ರವರೆಗೆ ಡಫಳೆ ಮನೆತನದ ಸಂಸ್ಥಾನವಾಗಿದ್ದ ಬರದ ಸೀಮೆ ಇದು. ಉಮದಿ, ಸಂಖದ ಸುತ್ತಿನ ಎಷ್ಟೋ ಮನೆಗಳ ಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಆ ಕಡೆಯ ಮೂವತ್ತೈದರ ಒಬ್ಬ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ನಿನ್ನೆಯವರೆಗೆ ಆಕೆ ಮುತ್ತೈದೆ. ಗುಡ್ಡಾಪುರದ ದಾನಮ್ಮನ ಜಾತ್ರೆಗೆ ಹೋದರೆ ಉಡಿ ತುಂಬಿಸಿಕೊಳ್ಳುವವಳು, ಓಣಿಯ ಮದುವೆಯಲ್ಲಿ ಅರಿಷಿಣ ಹಚ್ಚುವವಳು. ಗಂಡ ಸತ್ತ ದಿನ ಬಳೆ ಒಡೆದು, ಕುಂಕುಮ ಅಳಿಸಿ, ತಾಳಿ ಕಾಲುಂಗುರ ತೆಗೆದ ಮೇಲೆ ಅದೇ ಓಣಿಯ ಶುಭಕಾರ್ಯಗಳಲ್ಲಿ ಆಕೆಗೆ ಜಾಗವಿಲ್ಲ. ಹೊಲದ ದಾಖಲೆಯಾದ ಸಾತಬಾರಾ ಉತಾರಕ್ಕೆ ಹೆಸರು ಹಚ್ಚಿಸಲು ತಲಾಠಿಯ ಹತ್ತಿರ, ಸಂಜಯ ಗಾಂಧಿ ನಿರಾಧಾರ ಅನುದಾನಕ್ಕೆ ತಹಶೀಲ ಕಚೇರಿಗೆ ಅಲೆಯಬೇಕು, ಕಾಗದವೆಲ್ಲ ಮರಾಠಿಯಲ್ಲಿ. ಅಳುವುದು ಗಂಡನಿಗಾಗಿ, ನಿಜ. ಆದರೆ ರಾತ್ರಿ ಎದ್ದು ಕೂತು ಕೇಳಿಕೊಳ್ಳುವುದು, ‘ಇನ್ನ ನಾ ಯಾರು?’ ಎಂದು. ಶೋಕದ ಚಿಕಿತ್ಸೆ ಈ ಪ್ರಶ್ನೆಯನ್ನೂ ಕೈಗೆತ್ತಿಕೊಳ್ಳಬೇಕು.

ಶೋಕದ ಬಗ್ಗೆ ಮಾತಾಡಲು ಹೋದಲ್ಲೆಲ್ಲ ಓದಿಕೊಂಡವರು ಯಾರಾದರೂ ಎದ್ದು ಐದು ಹಂತಗಳ ಬಗ್ಗೆ ಕೇಳುತ್ತಾರೆ. ನಿರಾಕರಣೆ, ಸಿಟ್ಟು, ಚೌಕಾಸಿ, ಖಿನ್ನತೆ, ಒಪ್ಪಿಗೆ. ದುಃಖ ಈ ಐದು ಮೆಟ್ಟಿಲು ಹತ್ತಿ ಮುಗಿಯುತ್ತದೆಂಬ ನಂಬಿಕೆ ಸಿನಿಮಾದಿಂದ ಶಿಕ್ಷಕರ ತರಬೇತಿಯವರೆಗೆ ಹರಡಿದೆ. ಅದರ ಮೂಲ ನೋಡಿ. ಮನೋವೈದ್ಯೆ ಎಲಿಸಬೆತ್ ಕೂಬ್ಲರ್-ರಾಸ್ ಷಿಕಾಗೋದಲ್ಲಿ ಸಾವಿನ ಅಂಚಿನಲ್ಲಿದ್ದ ರೋಗಿಗಳೊಡನೆ ಕೂತು ಮಾತಾಡಿ, 1969ರಲ್ಲಿ ಒಂದು ಪುಸ್ತಕ ಬರೆದರು. ಅಲ್ಲಿಯ ಐದು ಹಂತಗಳು ತಮ್ಮದೇ ಸಾವನ್ನು ಎದುರು ನೋಡುತ್ತಿದ್ದವರ ಮನಸ್ಥಿತಿಗೆ ಸೇರಿದವು. ಸತ್ತವರ ಹಿಂದೆ ಉಳಿದವರಿಗೆ ಅವನ್ನು ಅನ್ವಯಿಸಿದ್ದು ಆಮೇಲೆ. ಎಲ್ಲರೂ ಎಲ್ಲ ಹಂತಗಳನ್ನೂ ಇದೇ ಅನುಕ್ರಮದಲ್ಲಿ ದಾಟುವುದಿಲ್ಲ ಎಂದು ಕೊನೆಗೆ ಆಕೆಯೂ ಹೇಳಬೇಕಾಯಿತು. ಈ ತಪ್ಪು ತಿಳಿವಳಿಕೆಯಿಂದ ಆಗುವ ಹಾನಿ ಸಣ್ಣದಲ್ಲ. ಸಿಟ್ಟೇ ಬಾರದವಳು ತನ್ನಲ್ಲೇನೋ ಕೊರತೆಯಿದೆ ಎಂದುಕೊಳ್ಳುತ್ತಾಳೆ. ವರ್ಷದ ಮೇಲೆ ಒಂದು ದಿನ ಬಿಕ್ಕಿಬಿಕ್ಕಿ ಅತ್ತವನು, ಇಳಿದು ಮತ್ತೆ ಮೊದಲ ಮೆಟ್ಟಿಲಿಗೆ ಬಂದೆನೆಂದು ಹೆದರುತ್ತಾನೆ.

ಇದಕ್ಕಿಂತ ಎಷ್ಟೋ ಮೇಲಾದ ವಿವರಣೆಯೊಂದಿದೆ. ನನಗೆ ಇದು ಮನಶ್ಶಾಸ್ತ್ರದ ಅತ್ಯಂತ ಸುಂದರ ವಿಚಾರಗಳಲ್ಲೊಂದು. ನೆದರ್ಲೆಂಡ್ಸ್‌ನ ಮಾರ್ಗರೆಟ್ ಸ್ಟ್ರೋಬೆ ಮತ್ತು ಹೆಂಕ್ ಶುಟ್ 1999ರಲ್ಲಿ ಮಂಡಿಸಿದ್ದು. ದುಃಖದಲ್ಲಿರುವವರ ಮುಂದೆ ಎರಡು ಕೆಲಸಗಳಿರುತ್ತವೆ ಎಂದರು ಅವರು. ಒಂದು, ಕಳೆದುಕೊಂಡದ್ದರ ಕಡೆ ಮುಖ ಮಾಡುವುದು: ನೆನೆಯುವುದು, ಅಳುವುದು, ಫೋಟೋ ನೋಡುತ್ತ ಕೂರುವುದು. ಇನ್ನೊಂದು, ಬದಲಾದ ಬದುಕಿನ ಕಡೆ ಮುಖ ಮಾಡುವುದು: ಹೊಲದ ಲೆಕ್ಕ ಕಲಿಯುವುದು, ಒಬ್ಬಳೇ ಬಸ್ಸು ಹತ್ತಿ ಜತ್ತಕ್ಕೆ ಹೋಗಿ ಬ್ಯಾಂಕಿನ ಕೆಲಸ ಮುಗಿಸುವುದು, ಹೊಸ ಪಾತ್ರದಲ್ಲಿ ತನ್ನನ್ನು ತಾನೇ ಗುರುತಿಸಿಕೊಳ್ಳುವುದು. ಮನಸ್ಸು ಇವೆರಡರ ನಡುವೆ ಹೋಗಿಬರುತ್ತಲೇ ಇರುತ್ತದೆ, ಒಂದೇ ದಿನದಲ್ಲೂ ಹಲವು ಸಲ. ಕಂಬಳಿ ನೇಯುವವರ ಲಾಳಿ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಓಡುತ್ತದಲ್ಲ, ಹಾಗೆ. ಎರಡೂ ದಿಕ್ಕಿನ ಓಟವಿದ್ದರೇ ಕಂಬಳಿ ಬೆಳೆಯುತ್ತದೆ.

ಇದು ಅರ್ಥವಾದರೆ ಎಷ್ಟೋ ಅಪರಾಧಿ ಭಾವ ಕಳಚಿಬೀಳುತ್ತದೆ. ಮುಂಜಾನೆ ಗಂಡನ ಅಂಗಿ ಹಿಡಿದು ಅತ್ತವಳು ಮಧ್ಯಾಹ್ನ ಮಗಳ ಮಾತಿಗೆ ನಕ್ಕರೆ ಅದು ದ್ರೋಹವಲ್ಲ. ಎರಡು ದಿನ ದಾಳಿಂಬೆ ಕೊಯ್ಲಿನ ಗಡಿಬಿಡಿಯಲ್ಲಿ ನೆನಪೇ ಆಗದಿದ್ದರೆ ಪ್ರೀತಿ ಕಡಿಮೆಯಾಯಿತೆಂದಲ್ಲ. ತೊಂದರೆ ಶುರುವಾಗುವುದು ಓಟ ನಿಂತಾಗ: ದಿನವಿಡೀ ನೆನಪಿನಲ್ಲೇ ಮುಳುಗಿದಾಗ, ಇಲ್ಲವೇ ನೆನಪಿನ ಸುಳಿವೂ ಸಿಗದಂತೆ ದುಡಿತದಲ್ಲಿ ಅಡಗಿಕೊಂಡಾಗ. ಗಂಡಸರಲ್ಲಿ ಎರಡನೆಯದನ್ನು ಜನ ಧೈರ್ಯವೆಂದು ಹೊಗಳುತ್ತಾರೆ. ಅಂಥವರ ಕಡೆಗೂ ಗಮನ ಬೇಕು.

ಜನ ಹೇಳುವ ಇನ್ನೊಂದು ಮಾತು, ‘ಸತ್ತವರನ್ನು ಮರೀಬೇಕವ್ವಾ.’ ದುಃಖ ಎಂದರೆ ಸತ್ತವರೊಡನೆ ಮನಸ್ಸಿನ ನಂಟು ಬಿಡಿಸಿಕೊಳ್ಳುವ ಕೆಲಸ ಎಂಬ ಅರ್ಥದಲ್ಲಿ ಫ್ರಾಯ್ಡ್ 1917ರಲ್ಲಿ ಬರೆದದ್ದು ಬಹುಕಾಲ ಚಿಕಿತ್ಸಕರನ್ನು ಆಳಿತು. 1996ರಲ್ಲಿ ಸಂಶೋಧಕ ಡೆನಿಸ್ ಕ್ಲಾಸ್ ಮತ್ತು ಸಂಗಡಿಗರು ಇದನ್ನು ಪ್ರಶ್ನಿಸಿದರು: ಆರೋಗ್ಯವಾಗಿರುವವರೂ ಸತ್ತವರೊಡನೆ ನಂಟು ಉಳಿಸಿಕೊಂಡಿರುತ್ತಾರೆ, ಅದರ ರೂಪ ಬದಲಾಗಿರುತ್ತದೆ ಅಷ್ಟೆ. ಹಿರಿಯರಿಗೆ ಎಡೆ ಇಡುವ, ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಮನೆಗಳಿಗೆ ಇದು ಹೊಸದಾಗಿ ಕಾಣಲಿಕ್ಕಿಲ್ಲ.

ಹಾಗಾದರೆ ಚಿಕಿತ್ಸೆಯ ಕೋಣೆಯಲ್ಲಿ ನಡೆಯುವುದೇನು? ಅಮೆರಿಕದ ಮನೋವೈದ್ಯೆ ಕ್ಯಾಥರೀನ್ ಶಿಯರ್ ರೂಪಿಸಿದ ವಿಧಾನವನ್ನು ನೋಡೋಣ. ಸುಮಾರು 16 ಭೇಟಿಗಳು. ಸಾವಿನ ಸುದ್ದಿ ತಿಳಿದ ಗಳಿಗೆಯನ್ನು ಕಣ್ಣು ಮುಚ್ಚಿ, ಈಗಲೇ ನಡೆಯುತ್ತಿರುವಂತೆ ಹೇಳಬೇಕು. ಹೇಳಿದ್ದನ್ನು ರೆಕಾರ್ಡ್ ಮಾಡಿಕೊಂಡು ಮನೆಯಲ್ಲಿ ಮತ್ತೆ ಕೇಳಬೇಕು. ಕೇಳಿ ಕೇಳಿ, ನಂಬಲಾಗದೆ ಉಳಿದಿದ್ದ ಘಟನೆಗೆ ಮನಸ್ಸಿನಲ್ಲಿ ಒಂದು ಜಾಗ ಸಿಗುತ್ತದೆ. ಆಮೇಲೆ, ದೂರವಿಟ್ಟ ಜಾಗಗಳಿಗೆ ಮೆಲ್ಲಮೆಲ್ಲನೆ ಮರಳಬೇಕು. ನಮ್ಮ ಹೆಣ್ಣುಮಗಳಿಗೆ ಅದು ಗಂಡ ಬೆಳೆಸಿದ ತೋಟವಾಗಿರಬಹುದು. ಮುಂದೊಂದು ಭೇಟಿಯಲ್ಲಿ ಸತ್ತವರೊಡನೆ ಮಾತುಕತೆ: ಕೇಳಬೇಕಾದ್ದನ್ನು ಕೇಳಿ, ಅವರ ಉತ್ತರವನ್ನೂ ತಾನೇ ಆಡುವುದು. ಇದರ ಜೊತೆಗೆ ಆರಂಭದಿಂದಲೇ ಒಂದು ಪ್ರಶ್ನೆ ಇರುತ್ತದೆ: ನೋವು ಸಹಿಸುವಷ್ಟಕ್ಕೆ ಇಳಿದರೆ ನೀವು ನಿಮಗಾಗಿ ಏನು ಮಾಡಬಯಸುತ್ತೀರಿ? ‘ನಾ ಯಾರು’ ಎಂಬುದಕ್ಕೆ ಉತ್ತರ ಹುಟ್ಟುವುದು ಇಲ್ಲಿ. ಹೊಲಿಗೆ ಯಂತ್ರ, ಉಳಿತಾಯ ಗುಂಪು, ಅರ್ಧಕ್ಕೆ ಬಿಟ್ಟ ಹತ್ತನೆಯ ತರಗತಿ, ಏನೂ ಆಗಬಹುದು. 2005ರ ಪ್ರಯೋಗದಲ್ಲಿ ಈ ವಿಧಾನದಿಂದ ಸುಧಾರಿಸಿದವರು ಶೇ. 51, ಇನ್ನೊಂದು ಪ್ರಚಲಿತ ಮಾತಿನ ಚಿಕಿತ್ಸೆಯಿಂದ ಶೇ. 28.

ನಿದ್ದೆ ಗುಳಿಗೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ದುಃಖದ ಮನೆಗೆ ಬಂದ ಡಾಕ್ಟರು ಮನೆಯವರ ಒತ್ತಾಯಕ್ಕೆ ಗುಳಿಗೆ ಬರೆದುಕೊಡುವುದುಂಟು. ಬೇರೆ ಮಾನಸಿಕ ಕಾಯಿಲೆ ಇಲ್ಲದ ಶೋಕಕ್ಕೆ ನಿದ್ದೆ ಬರಿಸುವ ಬೆಂಜೋಡಯಾಜೆಪಿನ್ ಗುಂಪಿನ ಔಷಧ ಕೊಡಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರಲ್ಲೇ ಹೇಳಿದೆ. ಸಾಯುವ ಯೋಚನೆ ಬರುತ್ತಿದ್ದರೆ ಮಾತ್ರ ಒಂದು ದಿನವೂ ತಡಮಾಡದೆ ವೈದ್ಯರನ್ನು ಕಾಣಬೇಕು.

ಈ ಚಿಕಿತ್ಸೆ ನಡೆಯುವುದು ಮಾತಿನಲ್ಲಿ. ಅರ್ಜಿಯನ್ನು ಮರಾಠಿಯಲ್ಲಿ ತುಂಬಬಲ್ಲವಳು ಸಾವಿನ ಗಳಿಗೆಯನ್ನು ಮರಾಠಿಯಲ್ಲಿ ಹೇಳಲಾರಳು. ‘ಯಪ್ಪಾ, ನನ್ನ ಕೈ ಬಿಟ್ಟ ಹೋದ್ಯೋ’ ಎಂದು ಅತ್ತವಳು ಆಕೆ. ಆದ್ದರಿಂದ ಜತ್ತಕ್ಕೆ ಕನ್ನಡ ಬಲ್ಲ ಸಮಾಲೋಚಕಿಯರು ಬೇಕು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡವೂ ಒಂದು ಭಾಷೆ, ಕರೆ ಉಚಿತ. ಅದು ಮೊದಲ ಹೆಜ್ಜೆ. ಎದುರು ಕೂತು ಕೇಳುವವರು ಊರಲ್ಲೇ ಸಿದ್ಧವಾಗಬಹುದು ಎಂಬುದಕ್ಕೆ ಗೋವಾ ಸಾಕ್ಷಿ. ಅಲ್ಲಿ ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಾತ್ ಸಂಸ್ಥೆಯವರು ಮನಶ್ಶಾಸ್ತ್ರ ಓದದ ಸ್ಥಳೀಯರಿಗೆ ತರಬೇತಿ ಕೊಟ್ಟು, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ತೀವ್ರ ಖಿನ್ನತೆಗೆ ಆರರಿಂದ ಎಂಟು ಭೇಟಿಗಳ ಚಿಕಿತ್ಸೆ ಕೊಡಿಸಿ ಫಲ ಕಂಡರು.

ಊರೇ ಕಿತ್ತುಕೊಂಡದ್ದನ್ನು ಚಿಕಿತ್ಸೆಯ ಕೋಣೆ ಒಂದೇ ಮರಳಿಸಲಾರದು. ಸಾಂಗಲಿಯ ನೆರೆಯ ಕೊಲ್ಹಾಪುರ ಜಿಲ್ಲೆಯಲ್ಲಿ, ಶಿರೋಳ ತಾಲೂಕಿನ ಹೇರವಾಡ ಗ್ರಾಮ ಪಂಚಾಯಿತಿ 2022ರ ಮೇ 4ರಂದು ಒಂದು ಠರಾವು ಮಾಡಿತು: ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವ, ಕುಂಕುಮ ಅಳಿಸುವ, ತಾಳಿ ಕಾಲುಂಗುರ ತೆಗೆಯುವ ಪದ್ಧತಿ ನಮ್ಮೂರಲ್ಲಿ ಬೇಡ. ಕೊರೋನಾದಲ್ಲಿ ಎಳೆಯ ವಯಸ್ಸಿನ ಗಂಡಸರು ಸತ್ತದ್ದನ್ನು ಕಂಡ ಊರದು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ ಉಳಿದ ಪಂಚಾಯಿತಿಗಳಿಗೂ ಇದನ್ನು ಅನುಸರಿಸುವಂತೆ ಸುತ್ತೋಲೆ ಕಳಿಸಿತು. ನಾನು ಇದನ್ನು ಮಾನಸಿಕ ಆರೋಗ್ಯದ ಕಾರ್ಯಕ್ರಮವೆಂದೇ ಎಣಿಸುತ್ತೇನೆ.

ಇಲ್ಲಿಂದ ಮುಂದಿನ ಕೆಲಸ ಓದುವ ಹುಡುಗ ಹುಡುಗಿಯರದು. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯ, ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯ, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಮೂರೂ ಈ ಸೀಮೆಗೆ ದೂರವಲ್ಲ. ನಮ್ಮ ಹೆಂಗಸರು ಸತ್ತವರ ಗುಣ ಎತ್ತಿ ಹಾಡಿಕೊಂಡು ಅಳುತ್ತಾರಲ್ಲ, ಶಿಯರ್ ಅವರ ಕೋಣೆಯಲ್ಲಿ ನಡೆಯುವ ಕಥನದ ಕೆಲಸವನ್ನು ಆ ಅಳು ಎಷ್ಟರಮಟ್ಟಿಗೆ ಮಾಡುತ್ತದೆ? ದಯವಿಟ್ಟು ಯಾರಾದರೂ ಹಳ್ಳಿಗಳಲ್ಲಿ ಕೂತು, ಒಪ್ಪಿಗೆ ಪಡೆದು, ದಾಖಲಿಸಿ ಪರೀಕ್ಷಿಸಿ. ಹೇರವಾಡದಂಥ ಠರಾವನ್ನು ನಿಜವಾಗಿ ಪಾಲಿಸುವ ಊರುಗಳನ್ನೂ ಪಾಲಿಸದ ಊರುಗಳನ್ನೂ ಆರಿಸಿಕೊಳ್ಳಿ. ಗಂಡನನ್ನು ಕಳೆದುಕೊಂಡ ಹೆಣ್ಣುಮಕ್ಕಳನ್ನು ಒಂದು ವರ್ಷದ ನಂತರ ಕನ್ನಡದಲ್ಲಿ, ಮರಾಠಿಯಲ್ಲಿ, ಅವರಿಗೆ ಬೇಕಾದ ಭಾಷೆಯಲ್ಲಿ ಮಾತಾಡಿಸಿ, ದೀರ್ಘಕಾಲಿಕ ಶೋಕ ಎಲ್ಲಿ ಕಡಿಮೆಯೆಂದು ನೋಡಿ. ಅಂಥ ಅಧ್ಯಯನವೊಂದು ಕೈಗೆ ಬಂದರೆ ಈ ಅಧ್ಯಾಯವನ್ನು ಸಂತೋಷದಿಂದ ತಿದ್ದಿ ಬರೆಯುತ್ತೇನೆ.