ಒಂದು ಸಂಜೆ ನಿಮಗಾಗಿ: ಫ್ಲಮೆಂಕೊ ನೋಡಿ, ತಾರಸಿ ಮೇಲೆ ಊಟ ಮಾಡಿ

ವಿದೇಶ ಪ್ರವಾಸ ಅಂದ್ರೆ ಈಗ ನಮ್ಮ ಮನೆಗಳಲ್ಲಿ ಹೊಸ ಮಾತೇನಲ್ಲ. ಮಗನೋ ಮಗಳೋ ಯುರೋಪಿನಲ್ಲಿ ಓದುತ್ತಿರುತ್ತಾರೆ, ಯಜಮಾನರಿಗೆ ಆಫೀಸಿನ ಕೆಲಸ ಬೀಳುತ್ತದೆ. ಇಲ್ಲಾಂದ್ರೆ ಹತ್ತು ದಿನಕ್ಕೆ ಎಂಟು ಊರು ತೋರಿಸುವ ಪ್ಯಾಕೇಜ್ ಟೂರ್ ಇದ್ದೇ ಇದೆ. ಆದರೆ ಒಂದು ಮಾತು ಹೇಳಿ, ಆ ಪ್ರವಾಸದಲ್ಲಿ ನಿಮ್ಮ ಪಾಲೆಷ್ಟು? ಚಟ್ನಿಪುಡಿ, ಹುರಿದ ಅವಲಕ್ಕಿ ಕಟ್ಟಿಕೊಳ್ಳುವುದು ನೀವು. ಯಾರ ಸ್ವೆಟರ್ ಯಾವ ಸೂಟ್‌ಕೇಸಿನಲ್ಲಿದೆ ಅಂತ ನೆನಪಿಟ್ಟುಕೊಳ್ಳುವುದು ನೀವು. ಮಾವನವರ ಬಿಪಿ ಮಾತ್ರೆ, ಮಕ್ಕಳ ಹಸಿವು, ಎಲ್ಲರ ಫೋಟೊ... ಎಲ್ಲವೂ ನಿಮ್ಮ ಲೆಕ್ಕದಲ್ಲೇ. ಊರಿಗೆ ಬಂದ ಮೇಲೆ 'ಏನು ನೋಡಿದ್ರಿ?' ಅಂತ ಪಕ್ಕದ ಮನೆಯವರು ಕೇಳಿದರೆ ಥಟ್ಟನೆ ಏನೂ ನೆನಪಾಗುವುದಿಲ್ಲ, ಅಲ್ವೇ?

ಅದಕ್ಕೇ ಈ ಸಲಹೆ. ಸ್ಪೇನ್ ನಿಮ್ಮ ಪಟ್ಟಿಯಲ್ಲಿದ್ದರೆ ಒಂದೇ ಒಂದು ಸಂಜೆಯನ್ನು ನಿಮಗೆ ಅಂತ ಎತ್ತಿಟ್ಟುಕೊಳ್ಳಿ. ದಕ್ಷಿಣ ಸ್ಪೇನಿನ ಆಂದಲೂಸಿಯಾ ಪ್ರಾಂತ್ಯದ ಸೆವಿಲ್ ನಗರದಲ್ಲಿ ಒಂದು ಗಂಟೆ ಫ್ಲಮೆಂಕೊ, ಆಮೇಲೆ ತಾರಸಿ ಮೇಲೆ ನಿಧಾನವಾಗಿ ಊಟ. ಮ್ಯಾಡ್ರಿಡ್‌ನಿಂದ ವೇಗದ ರೈಲು ಹತ್ತಿದರೆ ಸೆವಿಲ್‌ಗೆ ಸುಮಾರು ಎರಡೂವರೆ ಗಂಟೆ ಅಷ್ಟೆ.

ಏನಿದು ಫ್ಲಮೆಂಕೊ?

2011ರಲ್ಲಿ ಬಂದ 'ಜಿಂದಗಿ ನಾ ಮಿಲೇಗಿ ದೊಬಾರಾ' ಸಿನಿಮಾ ನೋಡಿದ್ದರೆ ನಿಮಗೆ ಇದರ ಒಂದು ಝಲಕ್ ಸಿಕ್ಕಿರುತ್ತದೆ. ಅದರ 'ಸೆನ್ಯೊರಿಟಾ' ಹಾಡನ್ನು ಚಿತ್ರಿಸಿದ್ದು ಆಂದಲೂಸಿಯಾದ ಅಲಾಹರ್ ಎಂಬ ಪುಟ್ಟ ಹಳ್ಳಿಯಲ್ಲಿ. ಆದರೆ ಅದು ಸಿನಿಮಾದ ಸಂಭ್ರಮ. ನಿಜವಾದ ಫ್ಲಮೆಂಕೊಗೆ ಇನ್ನೊಂದು ಮುಖವೂ ಇದೆ.

ಇದರಲ್ಲಿ ಹಾಡು, ಕುಣಿತ, ಗಿಟಾರ್ ಮೂರೂ ಸೇರಿವೆ. ಹಾಡೇ ಮೊದಲು, ಕುಣಿತ ಅದರ ಹಿಂದೆ. ವಿಷಯ ಬಹುಪಾಲು ನೋವು, ಒಂಟಿತನ, ಬಡತನ, ಸೆರೆವಾಸ, ಕೈತಪ್ಪಿದ ಪ್ರೀತಿ. ಹಾಗಂತ ಅಳುವ ಹಾಡಷ್ಟೇ ಅಲ್ಲ. 'ಅಲೆಗ್ರಿಯಾಸ್' ಅಂದರೆ ಸಂತೋಷದ ಹಾಡು, 'ಬುಲೆರಿಯಾಸ್' ಅಂದರೆ ಜೋರು ಗತ್ತಿನ ತಮಾಷೆಯ ಹಾಡು. ಯುನೆಸ್ಕೊ ಸಂಸ್ಥೆ 2010ರಲ್ಲಿ ಈ ಕಲೆಯನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಇದನ್ನು ಕಟ್ಟಿ ಬೆಳೆಸಿದವರಲ್ಲಿ ಮುಖ್ಯರಾದವರು ಹಿತಾನೊಗಳು, ಅಂದರೆ ಸ್ಪೇನಿನ ರೋಮಾ ಜನ. ಇವರ ಪೂರ್ವಜರು ಸುಮಾರು ಸಾವಿರ ವರ್ಷಗಳ ಹಿಂದೆ ನಮ್ಮ ಉತ್ತರ ಭಾರತದಿಂದಲೇ ಹೊರಟವರು! ಸ್ಪೇನಿನ ದಾಖಲೆಗಳಲ್ಲಿ ಅವರು ಮೊದಲು ಕಾಣಿಸುವುದು 1425ರಲ್ಲಿ. ರೋಮಾ ಭಾಷೆಯಲ್ಲಿ ಇವತ್ತಿಗೂ ನೀರಿಗೆ 'ಪಾನಿ', ಕಿವಿಗೆ 'ಕಾನ್' ಅಂತಾರೆ. ಹಾಗಂತ ಫ್ಲಮೆಂಕೊ ನಮ್ಮ ಕಥಕ್‌ನಿಂದಲೇ ನೇರವಾಗಿ ಹುಟ್ಟಿತು ಅಂತ ಗೈಡ್ ಹೇಳಿದರೆ ಪೂರ್ತಿ ನಂಬಬೇಡಿ. ಆಂದಲೂಸಿಯಾದ ಜನಪದ ಹಾಡು, ಅರಬ್ ಮತ್ತು ಯಹೂದಿ ಸಂಗೀತ ಎಲ್ಲವೂ ಅದರಲ್ಲಿ ಬೆರೆತಿವೆ. ಈ ಜನ ಪಟ್ಟ ಕಷ್ಟವೂ ಬೆರೆತಿದೆ. 1749ರಲ್ಲಿ ಸ್ಪೇನಿನ ಸರ್ಕಾರ ಸಾವಿರಾರು ಹಿತಾನೊಗಳನ್ನು ಒಟ್ಟಿಗೆ ಹಿಡಿದು, ಗಂಡಸರನ್ನೂ ಹೆಂಗಸರನ್ನೂ ಬೇರೆ ಮಾಡಿ ಸೆರೆಗೆ ತಳ್ಳಿತ್ತು. ಕಮ್ಮಾರಸಾಲೆಯ ಹಾಡು ಎನ್ನುವ 'ಮಾರ್ತಿನೆತೆ'ಗೆ ಗಿಟಾರ್ ಕೂಡ ಇಲ್ಲ, ಬರೀ ಕೊರಳು. ಕೇಳಿದರೆ ಭಾಷೆ ಬಾರದಿದ್ದರೂ ಮೈ ಜುಮ್ಮೆನ್ನುತ್ತದೆ.

ಇಲ್ಲಿ ವಯಸ್ಸಿಗೆ ಬೆಲೆ

ನಾನು ನಿಮಗೆ ಈ ಸಂಜೆಯನ್ನು ಒತ್ತಾಯ ಮಾಡಿ ಹೇಳುವುದಕ್ಕೆ ಇನ್ನೊಂದು ಕಾರಣವಿದೆ. ನಮ್ಮಲ್ಲಿ ಮೂವತ್ತೈದು ದಾಟಿತೋ ಇಲ್ಲವೋ, 'ಇನ್ನೇನು ಕುಣಿಯೋ ವಯಸ್ಸಾ?' ಅನ್ನುವ ಮಾತು ಶುರು. ಚಿಕ್ಕಂದಿನಲ್ಲಿ ಕಲಿತ ಭರತನಾಟ್ಯದ ಗೆಜ್ಜೆ ಅಟ್ಟ ಸೇರಿ ಎಷ್ಟು ವರ್ಷವಾಯ್ತು ಅಂತ ನಮ್ಮಲ್ಲಿ ಎಷ್ಟೋ ಜನಕ್ಕೆ ಲೆಕ್ಕವೇ ಇಲ್ಲ. ಫ್ಲಮೆಂಕೊದಲ್ಲಿ ಹಾಗಲ್ಲ. ಅಲ್ಲಿ ತೆಳ್ಳಗಿರಬೇಕು, ಎಳೆಯ ಪ್ರಾಯದವಳಾಗಿರಬೇಕು ಅನ್ನುವ ನಿಯಮವಿಲ್ಲ. ಬದುಕು ಕಂಡವಳ ಕುಣಿತದಲ್ಲಿ ತೂಕ ಜಾಸ್ತಿ ಅನ್ನುತ್ತಾರೆ. ಐವತ್ತು, ಅರವತ್ತು ದಾಟಿದ ತುಂಬು ಮೈಯ ಹೆಂಗಸು ಎದ್ದು ನಿಂತು ಎರಡೇ ಎರಡು ಸಲ ಕೈ ತಿರುಗಿಸಿದರೂ ಸಾಕು, ಸಭೆ 'ಒಲೇ!' ಎನ್ನುತ್ತದೆ. (ನಮ್ಮ ಅಡುಗೆಮನೆಯ ಒಲೆ ಅಲ್ಲ, ಅಲ್ಲಿನ 'ಭಲೇ' ಅದು.)

1963ರಲ್ಲಿ ತೀರಿಕೊಂಡ ಕಾರ್ಮೆನ್ ಅಮಾಯಾ ಎಂಬ ಹಿತಾನಾ ನರ್ತಕಿ, ಗಂಡಸರದ್ದು ಎನ್ನಿಸಿಕೊಂಡಿದ್ದ ಬಿರುಸಿನ ಕಾಲ್ಗತ್ತನ್ನು ಪ್ಯಾಂಟ್ ತೊಟ್ಟು ಮಾಡಿ ತೋರಿಸಿ ಜಗತ್ತನ್ನೇ ಬೆರಗುಗೊಳಿಸಿದವರು. ಲಾ ಚಾನಾ ಎಂದೇ ಹೆಸರಾದ ಇನ್ನೊಬ್ಬ ಕಲಾವಿದೆ 1946ರಲ್ಲಿ ಬಾರ್ಸೆಲೋನಾದಲ್ಲಿ ಹುಟ್ಟಿದವರು. ಯಾವ ಗುರುವೂ ಇಲ್ಲದೆ ರೇಡಿಯೊ ಕೇಳುತ್ತಾ ತಾಳ ಕಲಿತರು. ಹೆಸರಿನ ತುತ್ತತುದಿಯಲ್ಲಿದ್ದಾಗ ವೇದಿಕೆಯಿಂದ ದೂರವಾದರು. ಗಂಡನಿಂದ ಅನುಭವಿಸಿದ ಹಿಂಸೆಯನ್ನು 2016ರ 'ಲಾ ಚಾನಾ' ಸಾಕ್ಷ್ಯಚಿತ್ರದಲ್ಲಿ ಅವರೇ ಹೇಳಿಕೊಂಡಿದ್ದಾರೆ. ಅದೇ ಚಿತ್ರದಲ್ಲಿ ವಯಸ್ಸಾದ ಅವರು ಮತ್ತೆ ವೇದಿಕೆಗೆ ಬರುತ್ತಾರೆ. ನಿಂತು ಕುಣಿಯಲು ಮಂಡಿ ಒಪ್ಪುವುದಿಲ್ಲ. ಕುರ್ಚಿಯ ಮೇಲೆ ಕೂತೇ ಪಾದಗಳಿಂದ ತಾಳದ ಮಳೆ ಸುರಿಸುತ್ತಾರೆ. ಅದನ್ನು ನೋಡಿದ ಮೇಲೆ 'ನಮ್ಮ ಕಾಲ ಮುಗೀತು' ಅನ್ನುವ ಮಾತು ಬಾಯಿಗೆ ಬರುವುದು ಸ್ವಲ್ಪ ಕಷ್ಟವೇ.

ಎಲ್ಲಿ, ಯಾವಾಗ ನೋಡಬೇಕು?

* ಫ್ಲಮೆಂಕೊ ನಡೆಯುವ ಪುಟ್ಟ ರಂಗಶಾಲೆಗೆ 'ತಬ್ಲಾವೊ' ಅನ್ನುತ್ತಾರೆ. ನಮ್ಮ ತಬಲಾಕ್ಕೂ ಇದಕ್ಕೂ ಸಂಬಂಧವಿಲ್ಲ, ಅದು ಮರದ ಹಲಗೆಯ ವೇದಿಕೆ. ನರ್ತಕಿಯ ಬೂಟಿನ ತುದಿಗೂ ಹಿಮ್ಮಡಿಗೂ ಪುಟ್ಟ ಮೊಳೆ ಹೊಡೆದಿರುತ್ತಾರೆ. ನಮ್ಮ ಗೆಜ್ಜೆಯ ಕೆಲಸ ಅಲ್ಲಿ ಆ ಮೊಳೆಯದ್ದು.

* ಸೆವಿಲ್‌ನಲ್ಲಿ ನರ್ತಕಿ ಕ್ರಿಸ್ತಿನಾ ಹೊಯೊಸ್ ಸ್ಥಾಪಿಸಿದ ಫ್ಲಮೆಂಕೊ ನೃತ್ಯ ಮ್ಯೂಸಿಯಂ ಇದೆ. 2006ರಲ್ಲಿ ಶುರುವಾದದ್ದು. ಮ್ಯೂಸಿಯಂ ನೋಡಿ, ಅಲ್ಲೇ ಪ್ರದರ್ಶನವನ್ನೂ ನೋಡಬಹುದು. ಮೊದಲ ಸಲ ಹೋಗುವವರಿಗೆ ಇದು ಅನುಕೂಲ.

* ಮೈಕ್ ಇಲ್ಲದ, ನೂರು ಜನರೊಳಗಿನ ಸಣ್ಣ ಹಾಲ್ ಆರಿಸಿ. ಉಸಿರು, ಬೆವರು, ಪಾದದ ಸದ್ದು ಎಲ್ಲ ಹತ್ತಿರದಿಂದ ಸಿಗುತ್ತದೆ. ಕುಣಿಯುವವರ ಪಾದ ಕಾಣುವ ಸೀಟೇ ಬೇಕು ಅಂತ ಬುಕ್ ಮಾಡುವಾಗಲೇ ಕೇಳಿ.

* ಪ್ರದರ್ಶನ ಸುಮಾರು ಒಂದು ಗಂಟೆ. ಊಟವಿಲ್ಲದ ಟಿಕೆಟ್ ಸಾಮಾನ್ಯವಾಗಿ 20ರಿಂದ 30 ಯೂರೊ ಆಸುಪಾಸು. ಊಟದ ಜೊತೆ ಸೇರಿಸಿದ ಪ್ಯಾಕೇಜ್ ಬೇಡ. ದುಡ್ಡು ಜಾಸ್ತಿ, ತಟ್ಟೆ-ಚಮಚದ ಸದ್ದಿನಲ್ಲಿ ಹಾಡು ಕೇಳಿಸುವುದಿಲ್ಲ, ಸಸ್ಯಾಹಾರಿಗಳಿಗೆ ಆಯ್ಕೆಯೂ ಕಡಿಮೆ.

* ಸಂಜೆ ಏಳರ ಆಟಕ್ಕೆ ಹೋಗಿ. ಎಂಟಕ್ಕೆ ಮುಗಿಯುತ್ತದೆ. ಅಲ್ಲಿನವರು ರಾತ್ರಿ ಊಟಕ್ಕೆ ಕೂರುವುದೇ ಎಂಟೂವರೆ, ಒಂಬತ್ತರ ಮೇಲೆ! ನಡುವೆ ಒಂದಿಷ್ಟು ಗಲ್ಲಿ ಸುತ್ತಬಹುದು.

ಕೂತಾಗ ಇಷ್ಟು ಗೊತ್ತಿರಲಿ

ಕಲಾವಿದರು ಚಪ್ಪಾಳೆ ಹೊಡೆಯುತ್ತಾರೆ ಅಂತ ನೀವೂ ಶುರು ಮಾಡಬೇಡಿ. ಆ ಚಪ್ಪಾಳೆಗೆ 'ಪಾಲ್ಮಾಸ್' ಅಂತ ಹೆಸರು, ಅದೇ ಒಂದು ವಾದ್ಯ. ಫ್ಲಮೆಂಕೊದ ಎಷ್ಟೋ ಹಾಡುಗಳು 12 ಎಣಿಕೆಯ ಆವರ್ತದಲ್ಲಿರುತ್ತವೆ. ಒಂಟಿತನದ ಹಾಡಾದ 'ಸೊಲೆಯಾ'ದಲ್ಲಿ 3, 6, 8, 10, 12ನೇ ಎಣಿಕೆಗೆ ಒತ್ತು ಬೀಳುತ್ತದೆ. ಸಂಗೀತ ಕಲಿತವರಾದರೆ ಮಡಿಲ ಮೇಲೆ ಬೆರಳಿನಲ್ಲಿ ಸದ್ದಿಲ್ಲದೆ ಎಣಿಸಿ ನೋಡಿ, ಮಜಾ ಬರುತ್ತದೆ.

ಫೋಟೊ, ವಿಡಿಯೊಗೆ ಹೆಚ್ಚಿನ ಕಡೆ ಕೊನೆಯ ಕೆಲವು ನಿಮಿಷ ಮಾತ್ರ ಅವಕಾಶ. ಒಳ್ಳೆಯದೇ ಆಯಿತು, ಫೋನ್ ಬ್ಯಾಗಿನಲ್ಲಿರಲಿ. ತಡವಾಗಿ ಹೋದರೆ ಒಳಗೆ ಬಿಡುವುದಿಲ್ಲ. ತೀರಾ ಚಿಕ್ಕ ಮಕ್ಕಳಿಗೆ ಕೆಲವೆಡೆ ಪ್ರವೇಶವಿಲ್ಲ, ಮೊದಲೇ ವಿಚಾರಿಸಿ. ಮಕ್ಕಳನ್ನು ಯಜಮಾನರ ಜೊತೆ ಐಸ್‌ಕ್ರೀಮ್ ತಿನ್ನಲು ಕಳಿಸಿ ನೀವೊಬ್ಬರೇ ಹೋದರೂ ತಪ್ಪೇನಿಲ್ಲ, ಸಂಕೋಚ ಬೇಡ!

ಉಡುಪಿನ ಕಡೆಗೂ ಗಮನವಿರಲಿ. ಉದ್ದನೆಯ ಬಾಲದ ಲಂಗಕ್ಕೆ 'ಬಾತಾ ದೆ ಕೋಲಾ' ಅಂತ ಹೆಸರು. ತಿರುಗುವಾಗ ಕಾಲಿನಿಂದಲೇ ಅದನ್ನು ಒದ್ದು ಹೊರಳಿಸುತ್ತಾರೆ. ಸೀರೆಯ ನೆರಿಗೆ ಕಾಲಿಗೆ ಸಿಕ್ಕಿ ಎಡವಿದವರಿಗೆ ಅದರ ಕಷ್ಟ ಚೆನ್ನಾಗಿ ಅರ್ಥವಾಗುತ್ತದೆ. ಕುಚ್ಚಿನ ರೇಷ್ಮೆ ಶಾಲಿನ ಹೆಸರು 'ಮಾಂತೊನ್ ದೆ ಮನಿಲಾ'. ಹೆಸರು ಮನಿಲಾದ್ದಾದರೂ ಮೂಲ ಚೀನಾ, ಹಡಗು ಮನಿಲಾ ಮೇಲೆ ಬರುತ್ತಿದ್ದುದರಿಂದ ಆ ಹೆಸರು.

ಈಗ ತಾರಸಿಗೆ ಹತ್ತೋಣ

ಪ್ರದರ್ಶನ ಮುಗಿದ ಕೂಡಲೇ ಹೋಟೆಲ್ ರೂಮಿಗೆ ಓಡಬೇಡಿ. ಕಿವಿಯಲ್ಲಿ ಇನ್ನೂ ಆ ಪಾದದ ಸದ್ದು ಇರುತ್ತದೆ, ಅದು ನಿಧಾನವಾಗಿ ಇಳಿಯಲಿ. ಸೆವಿಲ್‌ನಲ್ಲಿ ತಾರಸಿಗೆ 'ಅಸೊತೆಯಾ' ಅನ್ನುತ್ತಾರೆ. ಜುಲೈ-ಆಗಸ್ಟ್‌ನಲ್ಲಿ ಅಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಹಗಲೆಲ್ಲ ಬಾಗಿಲು ಹಾಕಿಕೊಂಡು ಕೂತ ಜನ ರಾತ್ರಿ ತಾರಸಿ ಹತ್ತುವುದು ಅದಕ್ಕೇ. ನೀವು ಹೋಗುವುದಾದರೆ ಏಪ್ರಿಲ್-ಮೇ ಅಥವಾ ಅಕ್ಟೋಬರ್ ಹಿತ.

ದೊಡ್ಡ ಚರ್ಚಿನ ಸುತ್ತಮುತ್ತಲ ಹೋಟೆಲುಗಳಲ್ಲಿ ತಾರಸಿ ರೆಸ್ಟೊರೆಂಟ್‌ಗಳಿವೆ. ಅಲ್ಲಿ ಉಳಿದುಕೊಳ್ಳದಿದ್ದರೂ ಊಟಕ್ಕೆ ಹೋಗಬಹುದಾದವು ಬೇಕಾದಷ್ಟಿವೆ. ಎದುರಿಗೆ ಬೆಳಕಿನಲ್ಲಿ ಮಿಂದ ಹಿರಾಲ್ದಾ ಗೋಪುರ, ಸುಮಾರು 104 ಮೀಟರ್ ಎತ್ತರ. 12ನೇ ಶತಮಾನದಲ್ಲಿ ಮಸೀದಿಯ ಮಿನಾರ್ ಆಗಿದ್ದದ್ದಕ್ಕೆ 16ನೇ ಶತಮಾನದಲ್ಲಿ ಗಂಟೆಯ ಅಂತಸ್ತು ಕೂಡಿಸಿದರು. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂಮುಕ್ಕಾಲರ ಹೊತ್ತಿಗೆ! ಒಂಬತ್ತಕ್ಕೆ ಟೇಬಲ್ ಹಿಡಿದರೆ ಸೂರ್ಯಾಸ್ತವೂ ಸಿಕ್ಕಿತು, ದೀಪಗಳೂ ಸಿಕ್ಕವು. ಅಂಚಿನ ಟೇಬಲ್ ಬೇಕಾದರೆ ಎರಡು ದಿನ ಮೊದಲೇ ಹೇಳಿಡಿ.

ಹೈಹೀಲ್ಸ್ ಬೇಡ. ಗಲ್ಲಿಗಳು ಕಲ್ಲು ಹಾಸಿದವು. ಗಾಳಿಗೆ ಒಂದು ಶಾಲು ಇರಲಿ. ರಾತ್ರಿ ಹನ್ನೊಂದಕ್ಕೂ ಅಲ್ಲಿ ಮಕ್ಕಳು ಮರಿಗಳ ಸಮೇತ ಕುಟುಂಬಗಳು ಓಡಾಡುತ್ತಿರುತ್ತವೆ. ಆದರೂ ಗುಂಪಿನಲ್ಲಿ ಬ್ಯಾಗ್ ಮುಂದಕ್ಕೆ ಇಟ್ಟುಕೊಳ್ಳಿ, ಜೇಬುಗಳ್ಳರಿಗೆ ಊರು ಯಾವುದಾದರೇನು?

ಸಸ್ಯಾಹಾರಿಗಳು ಏನು ತಿನ್ನಬೇಕು?

'ಸೊಯ್ ವೆಹೆತಾರಿಯಾನಾ' (ನಾನು ಸಸ್ಯಾಹಾರಿ) ಎಂದಷ್ಟೇ ಹೇಳಿದರೆ ಸಾಲದು. ಮಾಂಸ ಬಿಟ್ಟು ಮೀನಿನ ಚೂರು ಹಾಕಿ ತಂದಾರು. 'ಸಿನ್ ಕಾರ್ನೆ, ಸಿನ್ ಪೆಸ್ಕಾದೊ, ಸಿನ್ ಹಮೋನ್' ಅನ್ನಿ. ಮಾಂಸ, ಮೀನು, ಹಂದಿಯ ಹಮೋನ್ ಯಾವುದೂ ಬೇಡ ಅಂತ ಅರ್ಥ. ಮೊಟ್ಟೆಯೂ ಬೇಡವಾದರೆ 'ಸಿನ್ ಉಎವೊ' ಸೇರಿಸಿ. ಚೀಟಿಯಲ್ಲಿ ಬರೆದುಕೊಂಡು ಹೋದರೆ ಇನ್ನೂ ವಾಸಿ.

ಟೊಮೆಟೊ ಅರೆದು ಮಾಡಿದ ಗಸ್ಪಾಚೊ ನಮ್ಮ ತಂಬುಳಿಯ ಹಾಗೆ ತಣ್ಣಗೆ ಕುಡಿಯುವಂಥದ್ದು. ಅದಕ್ಕಿಂತ ಗಟ್ಟಿಯಾದ ಸಾಲ್ಮೊರೆಹೊ ಮೇಲೆ ಹಮೋನ್, ಮೊಟ್ಟೆ ಉದುರಿಸುತ್ತಾರೆ, ಬೇಡ ಅಂತ ಹೇಳಿ. ಕರಿದ ಬದನೆಗೆ ಜೇನು ಸುರಿದದ್ದು, ಖಾರದ ಸಾಸಿನ ಆಲೂಗಡ್ಡೆ 'ಪತಾತಾಸ್ ಬ್ರಾವಾಸ್', ಕಡಲೆ ಹಾಕಿದ ಪಾಲಕ್, ಇವೆಲ್ಲ ನಮ್ಮ ನಾಲಿಗೆಗೆ ಹಿಡಿಸುತ್ತವೆ. 'ತಾಪಾ' ಅಂದರೆ ಚಿಕ್ಕ ತಟ್ಟೆ. ನಾಲ್ಕು ತರಹ ತರಿಸಿ ಹಂಚಿಕೊಳ್ಳಿ. ಕೇಳದೇ ತಂದಿಟ್ಟ ಬ್ರೆಡ್‌ಗೂ ಬಿಲ್ ಹಾಕುವುದುಂಟು, ನೆನಪಿರಲಿ. ಮದ್ಯ ಬೇಡದಿದ್ದರೆ 'ಸಿನ್ ಆಲ್ಕೋಲ್' ಅನ್ನಿ.

ಸ್ಪೇನ್‌ಗೆ ಹೋಗುವ ಯೋಗವಿಲ್ಲವೇ?

ಬೇಸರ ಬೇಡ. ಸ್ಪೇನಿನ ನಿರ್ದೇಶಕ ಕಾರ್ಲೊಸ್ ಸೌರಾ ಅವರ 'ಕಾರ್ಮೆನ್' (1983) ಅಥವಾ 'ಫ್ಲಮೆಂಕೊ' (1995) ಸಿನಿಮಾ ಹುಡುಕಿ ನೋಡಿ. 'ಕಾರ್ಮೆನ್'ನಲ್ಲಿ ಕ್ರಿಸ್ತಿನಾ ಹೊಯೊಸ್ ಕೂಡ ಇದ್ದಾರೆ. ಆಮೇಲೆ ಚಾಪೆ ಹಿಡಿದು ತಾರಸಿಗೆ ಹೋಗಿ. ಬೆಳದಿಂಗಳ ಊಟ ನಮಗೇನು ಹೊಸದೇ? ಒಂದೇ ಷರತ್ತು. ಆವತ್ತು ಮೇಲಕ್ಕೆ ತಟ್ಟೆ, ನೀರು, ಪಾತ್ರೆ ಹೊತ್ತು ತರುವ ಕೆಲಸ ಮನೆಯ ಉಳಿದವರದ್ದು. ನೀವು ಕೂತು ಊಟ ಮಾಡಿ. ಅಟ್ಟದ ಮೇಲಿನ ಗೆಜ್ಜೆ ನೆನಪಾದರೆ ಮಾರನೇ ದಿನವೇ ಇಳಿಸಿ, ದೂಳು ಒರೆಸಿ. ಮಂಡಿ ನೋಯುತ್ತದೆ ಅಂತ ಚಿಂತೆಯೇ? ಕುರ್ಚಿ ಇದೆಯಲ್ಲ!

ಮಾಡಿ ನೋಡಿ: ಸೆವಿಲ್‌ನ ಪಾಲಕ್-ಕಡಲೆ

ಬೇಕಾಗುವ ಸಾಮಗ್ರಿ: ಕಾಬೂಲಿ ಕಡಲೆ 1 ಕಪ್, ಪಾಲಕ್ 2 ಕಟ್ಟು, ಬ್ರೆಡ್ 2 ಹೋಳು, ಬೆಳ್ಳುಳ್ಳಿ 4 ಎಸಳು, ಜೀರಿಗೆ 1 ಚಮಚ, ಬ್ಯಾಡಗಿ ಮೆಣಸಿನ ಪುಡಿ 1 ಚಮಚ, ವಿನೆಗರ್ 1 ಚಮಚ, ಆಲಿವ್ ಎಣ್ಣೆ 3 ಚಮಚ, ರುಚಿಗೆ ಉಪ್ಪು.

ಮಾಡುವ ವಿಧಾನ: ಕಡಲೆಯನ್ನು ರಾತ್ರಿಯಿಡೀ ನೆನೆಸಿ ಮೆತ್ತಗೆ ಬೇಯಿಸಿ. ಎಣ್ಣೆಯಲ್ಲಿ ಬ್ರೆಡ್, ಬೆಳ್ಳುಳ್ಳಿಯನ್ನು ಕೆಂಪಗೆ ಹುರಿದು, ಜೀರಿಗೆ ಮತ್ತು ವಿನೆಗರ್ ಸೇರಿಸಿ ತರಿತರಿಯಾಗಿ ರುಬ್ಬಿ. ಅದೇ ಬಾಣಲೆಯಲ್ಲಿ ಹೆಚ್ಚಿದ ಪಾಲಕ್ ಬಾಡಿಸಿ, ಮೆಣಸಿನ ಪುಡಿ, ಬೆಂದ ಕಡಲೆ, ರುಬ್ಬಿದ ಮಸಾಲೆ, ಉಪ್ಪು, ಸ್ವಲ್ಪ ಕಡಲೆ ಬೇಯಿಸಿದ ನೀರು ಹಾಕಿ ಹತ್ತು ನಿಮಿಷ ಕುದಿಸಿ. ಅಲ್ಲಿ ಬಳಸುವುದು 'ಪಿಮೆಂತೊನ್' ಎಂಬ ಕೆಂಪು ಪುಡಿ. ಬಣ್ಣ ಜಾಸ್ತಿ, ಖಾರ ಕಡಿಮೆ ಇರುವ ನಮ್ಮ ಬ್ಯಾಡಗಿ ಅದರ ಜಾಗಕ್ಕೆ ಸರಿಯಾಗಿ ಹೊಂದುತ್ತದೆ. ಬ್ರೆಡ್ ಜೊತೆ ಚೆನ್ನ, ಚಪಾತಿ ಜೊತೆ ಇನ್ನೂ ಚೆನ್ನ.