ದಾಖಲೆ ಇಲ್ಲದ ಮಗುವಿನ ದಾಖಲಾತಿ: ನಿರಾಶ್ರಿತ ಕುಟುಂಬಗಳ ಮಕ್ಕಳು ಮತ್ತು ಗ್ರಾಮ ಪಂಚಾಯಿತಿ

ಜೂನ್ ತಿಂಗಳಲ್ಲಿ ಶಾಲೆಗಳು ತೆರೆದಾಗ ಗ್ರಾಮ ಪಂಚಾಯಿತಿ ಸದಸ್ಯರ ಮುಂದೆ ಬರಬಹುದಾದ ಸಂದರ್ಭವೊಂದು ಹೀಗಿರುತ್ತದೆ. ಊರಂಚಿನಲ್ಲಿ ಶೆಡ್ ಹಾಕಿಕೊಂಡಿರುವ ಕುಟುಂಬದಲ್ಲಿ ಹನ್ನೊಂದು ವರ್ಷದ ಹುಡುಗಿಯಿದ್ದಾಳೆ. ಜನನ ಪ್ರಮಾಣಪತ್ರವಿಲ್ಲ, ಆಧಾರ್ ಇಲ್ಲ, ಹಿಂದಿನ ಶಾಲೆಯ ಟಿ.ಸಿ. ಇಲ್ಲ, ಕನ್ನಡವೂ ಬಾರದು. ಯಾವ ದೇಶದವರೆಂದು ಕೇಳಿದರೆ ಮನೆಯವರು ಸುಮ್ಮನಾಗುತ್ತಾರೆ. ‘ದಾಖಲೆ ತಂದ ಮೇಲೆ ನೋಡೋಣ’ ಎಂದು ಶಾಲೆಯವರು ಹೇಳಿ ಕಳುಹಿಸುತ್ತಾರೆ. ಎಲ್ಲರಿಗೂ ಸಹಜವೆಂದು ತೋರುವ ಈ ಉತ್ತರವು ಕಾನೂನಿಗೆ ವಿರುದ್ಧವಾದುದು.

ಕರ್ನಾಟಕದ ಗ್ರಾಮಗಳಿಗೆ ನಿರಾಶ್ರಿತರು ಹೊಸಬರಲ್ಲ. 1959ರ ನಂತರ ಟಿಬೆಟ್ ತೊರೆದು ಬಂದವರಿಗೆ ಅಂದಿನ ಮೈಸೂರು ರಾಜ್ಯವು ಬೈಲಕುಪ್ಪೆಯ ಬಳಿ ಸುಮಾರು 3,000 ಎಕರೆ ಭೂಮಿ ನೀಡಿತು. ಮುಂದೆ ಮುಂಡಗೋಡ, ಹುಣಸೂರು ತಾಲ್ಲೂಕಿನ ಗುರುಪುರ ಹಾಗೂ ಕೊಳ್ಳೇಗಾಲ ಸೀಮೆಯ ಒಡೆಯರಪಾಳ್ಯಗಳಲ್ಲಿಯೂ ನೆಲೆಗಳು ಸ್ಥಾಪನೆಗೊಂಡವು. ಈ ಮಕ್ಕಳ ಶಿಕ್ಷಣಕ್ಕಾಗಿ ಕೇಂದ್ರ ಸರ್ಕಾರವು 1961ರಲ್ಲಿ ಪ್ರತ್ಯೇಕ ಸಂಸ್ಥೆಯನ್ನೇ ರಚಿಸಿತು. ಪುನರ್ವಸತಿ ನೆಲೆಗಳಲ್ಲಿಯೇ ಶಾಲೆಗಳು, ವಸತಿ ವ್ಯವಸ್ಥೆ, ಮಾತೃಭಾಷೆಯ ಬೋಧನೆ ನಡೆದುಬಂದವು. ಈ ವ್ಯವಸ್ಥೆಯು ಯಶಸ್ವಿಯಾದುದರಿಂದಲೇ, ನಿರಾಶ್ರಿತರ ಮಕ್ಕಳ ವಿಷಯವು ದೆಹಲಿಗೆ ಸೇರಿದ್ದು, ಪಂಚಾಯಿತಿಗೆ ಸಂಬಂಧಿಸಿದ್ದಲ್ಲ ಎಂಬ ಭಾವನೆಯೂ ಬೇರೂರಿತು. ಸಂಘಟಿತ ನೆಲೆಯ ಹೊರಗಿರುವ ಕುಟುಂಬಗಳಿಗೆ, ಉದಾಹರಣೆಗೆ ಬೆಂಗಳೂರಿನ ಹೊರವಲಯದಲ್ಲಿ ಚಿಂದಿ ಆಯ್ದು ಬದುಕುವ ಮ್ಯಾನ್ಮಾರ್ ಮೂಲದವರಿಗೆ, ಅಂತಹ ಪ್ರತ್ಯೇಕ ಶಾಲೆಗಳಿಲ್ಲ. ಅವರ ಮಕ್ಕಳಿಗೆ ಇರುವುದು ಹತ್ತಿರದ ಸರ್ಕಾರಿ ಶಾಲೆಯೊಂದೇ.

ಭಾರತವು 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ನಮ್ಮಲ್ಲಿ ಕಾಯ್ದೆಯೂ ಇಲ್ಲ. ಹಾಗಿದ್ದರೆ ಹಕ್ಕು ಎಲ್ಲಿಂದ ಬಂತು ಎಂದು ಗ್ರಾಮಸಭೆಯಲ್ಲಿ ಯಾರಾದರೂ ಕೇಳಿದರೆ ಸದಸ್ಯರು ಉತ್ತರಿಸಲು ಸಿದ್ಧರಿರಬೇಕು. ಸಂವಿಧಾನದ 19ನೆಯ ಅನುಚ್ಛೇದವು ‘ನಾಗರಿಕರಿಗೆ’ ಎನ್ನುತ್ತದೆ. 21ಎ ಅನುಚ್ಛೇದವು ಆರರಿಂದ ಹದಿನಾಲ್ಕು ವಯಸ್ಸಿನ ‘ಎಲ್ಲ ಮಕ್ಕಳಿಗೆ’ ಎನ್ನುತ್ತದೆ. 1 ಏಪ್ರಿಲ್ 2010ರಿಂದ ಜಾರಿಯಲ್ಲಿರುವ ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ, 2009ರಲ್ಲಿಯೂ ಪೌರತ್ವದ ಷರತ್ತಿಲ್ಲ. ಅದರ 9ನೆಯ ಪ್ರಕರಣವು ತನ್ನ ವ್ಯಾಪ್ತಿಯಲ್ಲಿ ‘ವಾಸಿಸುವ’ ಹದಿನಾಲ್ಕು ವರ್ಷದವರೆಗಿನ ಮಕ್ಕಳ ದಾಖಲೆಯನ್ನು ಇಡುವ ಹೊಣೆಯನ್ನು ಸ್ಥಳೀಯ ಪ್ರಾಧಿಕಾರಕ್ಕೆ ವಹಿಸಿದೆ. ವಲಸೆ ಕುಟುಂಬಗಳ ಮಕ್ಕಳ ದಾಖಲಾತಿಯನ್ನು ಖಚಿತಪಡಿಸುವ ಹೊಣೆಯೂ ಅಲ್ಲಿಯೇ ಇದೆ. ಸ್ಥಳೀಯ ಪ್ರಾಧಿಕಾರವೆಂಬ ಪದದ ವ್ಯಾಖ್ಯೆಯಲ್ಲಿ ಪಂಚಾಯಿತಿಯೂ ಸೇರಿದೆ. ರೋಹಿಂಗ್ಯಾ ಮಕ್ಕಳ ವಿಷಯದಲ್ಲಿ 2025ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್, ಮಕ್ಕಳು ಮೊದಲು ಸರ್ಕಾರಿ ಶಾಲೆಗಳನ್ನೇ ಸಂಪರ್ಕಿಸಲಿ, ನಿರಾಕರಿಸಿದರೆ ಹೈಕೋರ್ಟಿಗೆ ಹೋಗಬಹುದು ಎಂದಿತು. ಮಗುವಿನ ಮನೆಯವರು ಯಾವ ದೇಶದವರೆಂದು ತೀರ್ಮಾನಿಸುವುದು ಬೇರೆ ಇಲಾಖೆಯ ಕೆಲಸ. ಅದು ಎಷ್ಟು ಜಟಿಲವೆಂದರೆ, 26 ಜನವರಿ 1950ರಿಂದ 1 ಜುಲೈ 1987ರ ನಡುವೆ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತೀಯ ನಾಗರಿಕರೆಂಬುದು ಸ್ಪಷ್ಟವಾಗಲು ಕರ್ನಾಟಕ ಹೈಕೋರ್ಟಿನ 2013ರ ತೀರ್ಪು ಬೇಕಾಯಿತು. ಶಾಲೆಯ ಕಚೇರಿಯ ಮೇಜಿನ ಮುಂದೆ ಬಗೆಹರಿಯುವ ಪ್ರಶ್ನೆ ಅದಲ್ಲ.

ಕಾಗದಪತ್ರಗಳ ವಿಷಯವು ಇದಕ್ಕಿಂತ ಸರಳವಾಗಿದೆ. ವಯಸ್ಸಿನ ಪುರಾವೆ ಇಲ್ಲವೆಂಬ ಕಾರಣಕ್ಕೆ ದಾಖಲಾತಿ ನಿರಾಕರಿಸುವಂತಿಲ್ಲ ಎಂದು ಕಾಯ್ದೆಯ 14ನೆಯ ಪ್ರಕರಣ ಹೇಳುತ್ತದೆ. ಅಂಗನವಾಡಿಯ ದಾಖಲೆ, ಆಸ್ಪತ್ರೆಯ ರಿಜಿಸ್ಟರ್ ಅಥವಾ ಪೋಷಕರ ಘೋಷಣೆಯಿಂದ ಕೆಲಸ ನಡೆಯುತ್ತದೆ. ಜೂನ್ ಕಳೆಯಿತೆಂದು ತಿರಸ್ಕರಿಸುವುದನ್ನು 15ನೆಯ ಪ್ರಕರಣ ತಡೆಯುತ್ತದೆ. ಶಾಲೆಗೆ ಸೇರಲು ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 26 ಸೆಪ್ಟೆಂಬರ್ 2018ರಂದೇ ತೀರ್ಪಿತ್ತಿದೆ. ಟಿಬೆಟಿಯನ್ ಮಕ್ಕಳಿಂದ ನೋಂದಣಿ ಪತ್ರ ಕೇಳುವುದಂತೂ ಅರ್ಥವಿಲ್ಲದ ಮಾತು. ಸಾಮಾನ್ಯವಾಗಿ ಹದಿನಾರು ವರ್ಷ ತುಂಬಿದ ಮೇಲೆ ದೊರೆಯುವ ಪತ್ರವನ್ನು ಎಂಟು ವರ್ಷದ ಬಾಲಕ ಎಲ್ಲಿಂದ ತಂದಾನು? ತಂತ್ರಾಂಶದಲ್ಲಿ ಆಧಾರ್ ಸಂಖ್ಯೆಯ ಕಾಲಂ ಖಾಲಿಯಿದೆ ಎಂಬುದು ತಂತ್ರಾಂಶದ ತೊಡಕೇ ಹೊರತು ಮಗುವಿನ ಅನರ್ಹತೆಯಲ್ಲ. ಅಂತಹ ಸಂದರ್ಭದಲ್ಲಿ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಸಿ, ತೊಡಕನ್ನು ಲಿಖಿತವಾಗಿ ಕ್ಷೇತ್ರ ಶಿಕ್ಷಣಾಧಿಕಾರಿಗಳ ಗಮನಕ್ಕೆ ತರುವುದೇ ಸರಿಯಾದ ಕ್ರಮ.

ಹೆಚ್ಚು ಮಕ್ಕಳು ಕೈಬಿಟ್ಟುಹೋಗುವುದು ದಾಖಲಾತಿಯ ನಂತರ. ಕನ್ನಡ ಬಾರದ ಹನ್ನೊಂದು ವರ್ಷದ ಹುಡುಗಿಯನ್ನು ‘ಅ, ಆ ಕಲಿಯಲಿ’ ಎಂಬ ಸದುದ್ದೇಶದಿಂದಲೇ ಎರಡನೆಯ ತರಗತಿಯಲ್ಲಿ ಕೂರಿಸಿದರೆ, ಮಂಡಿಯೆತ್ತರದ ಮಕ್ಕಳ ನಡುವೆ ಅವಳು ನಾಚಿಕೆಯಿಂದ ಕುಗ್ಗುತ್ತಾಳೆ. ಸ್ವಲ್ಪ ದಿನಗಳಲ್ಲಿ ತಮ್ಮನನ್ನು ನೋಡಿಕೊಳ್ಳುವ ನೆಪದಲ್ಲಿ ಮನೆಯಲ್ಲಿಯೇ ಉಳಿಯುತ್ತಾಳೆ. ಆದುದರಿಂದಲೇ 4ನೆಯ ಪ್ರಕರಣವು ವಯಸ್ಸಿಗೆ ತಕ್ಕ ತರಗತಿಯಲ್ಲಿಯೇ ಸೇರಿಸಬೇಕೆಂದು ಹೇಳಿ, ಸಹಪಾಠಿಗಳ ಮಟ್ಟಕ್ಕೆ ಬರಲು ವಿಶೇಷ ತರಬೇತಿಯ ಹಕ್ಕನ್ನು ನೀಡಿದೆ. ಹದಿನಾಲ್ಕು ತುಂಬಿದರೂ ಎಂಟನೆಯ ತರಗತಿ ಮುಗಿಯುವವರೆಗೆ ಅವಳ ಶಿಕ್ಷಣ ಉಚಿತ. ಈ ತರಬೇತಿಗೆ ಯಾರು, ಎಲ್ಲಿ, ಯಾವ ಹೊತ್ತಿನಲ್ಲಿ ಎಂಬುದನ್ನು ಎಸ್‌ಡಿಎಂಸಿ ಸಭೆಯಲ್ಲಿ ಕೇಳಬೇಕಾದವರು ಸದಸ್ಯರು. ಸಂಜೆಯ ವೇಳೆ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಒಂದು ಮೇಜು, ಊರಿನ ಪದವೀಧರ ಯುವತಿಯೊಬ್ಬಳ ಒಂದು ಗಂಟೆ ದೊರೆತರೂ ಬಹಳ ಸಹಾಯವಾಗುತ್ತದೆ. ಮನೆಮಾತು ಬೇರೆಯಾದ ಮಕ್ಕಳು ಆಟದ ಮೈದಾನದಲ್ಲಿ ಕನ್ನಡ ಕಲಿಯುವ ವೇಗವನ್ನು ಹಿರಿಯರು ಕಡಿಮೆ ಅಂದಾಜು ಮಾಡುವುದೇ ಹೆಚ್ಚು.

ಶಾಲೆಗೆ ಸೇರಿದ ಮಗುವಿಗೆ ಬಿಸಿಯೂಟ, ಹಾಲು, ಪಠ್ಯಪುಸ್ತಕ, ಸಮವಸ್ತ್ರಗಳು ಇತರ ಮಕ್ಕಳಂತೆಯೇ ಸಲ್ಲಬೇಕು. ಜಾತಿ ಪ್ರಮಾಣಪತ್ರವನ್ನು ಆಧರಿಸಿದ ವಿದ್ಯಾರ್ಥಿವೇತನದ ವಿಷಯದಲ್ಲಿ ಮಾತ್ರ ಭರವಸೆ ನೀಡುವುದು ತರವಲ್ಲ. ಸಿಂಧನೂರು ತಾಲ್ಲೂಕಿನ ಪುನರ್ವಸತಿ ಕ್ಯಾಂಪುಗಳಲ್ಲಿ ದಶಕಗಳಿಂದ ನೆಲೆಸಿರುವ ಬಂಗಾಳಿ ಕುಟುಂಬಗಳಿಗೂ ಈ ಪ್ರಮಾಣಪತ್ರವು ದೀರ್ಘಕಾಲದ ಬೇಡಿಕೆಯಾಗಿದೆ.

ಇಂತಹ ಕುಟುಂಬಗಳು ಹೆಸರು ಹೇಳಲು ಅಂಜುವುದು ಸ್ವಾಭಾವಿಕ. ಪಟ್ಟಿ ಹಿಡಿದು ಬಂದವರೆಲ್ಲ ಪೊಲೀಸರೆಂದೇ ಅವರು ಭಾವಿಸುತ್ತಾರೆ. ಮೊದಲ ಭೇಟಿಗೆ ಆಶಾ ಕಾರ್ಯಕರ್ತೆ ಅಥವಾ ಅಂಗನವಾಡಿ ಕಾರ್ಯಕರ್ತೆ ಜೊತೆಗಿದ್ದರೆ ಒಳಿತು. ಮಗುವಿನ ಹೆಸರು, ಅಂದಾಜು ವಯಸ್ಸು, ಹಿಂದೆ ಓದಿದ ತರಗತಿ ಇಷ್ಟನ್ನೇ ಕೇಳಬೇಕು. ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವುದು ಎಷ್ಟೇ ಒಳ್ಳೆಯ ಮನಸ್ಸಿನಿಂದಾದರೂ ಸಲ್ಲದು. ಗುಂಪಿನಲ್ಲಿ ಒಂದು ಚಿತ್ರ ಹರಿದಾಡಿತೆಂದರೆ ಮರುದಿನ ಆ ಶೆಡ್ ಖಾಲಿಯಾಗಿರಬಹುದು.

ಶಾಲೆಯು ಒಪ್ಪದಿದ್ದರೆ 32ನೆಯ ಪ್ರಕರಣದಡಿ ಪೋಷಕರು ಸ್ಥಳೀಯ ಪ್ರಾಧಿಕಾರಕ್ಕೆ ಲಿಖಿತ ದೂರು ನೀಡಬಹುದು. ಮೂರು ತಿಂಗಳೊಳಗೆ ತೀರ್ಮಾನವಾಗಬೇಕು. ಅಲ್ಲಿಂದ ಮುಂದೆ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಬರೆಯಲು ಬಾರದ ಪೋಷಕರ ದೂರನ್ನು ಬರೆದುಕೊಟ್ಟು, ಸ್ವೀಕೃತಿಯನ್ನು ಕೊಡಿಸುವುದು ಸದಸ್ಯರಿಂದ ಆಗಬಹುದಾದ ಕೆಲಸ.

ಜನನ ನೋಂದಣಿಯ ಬಗ್ಗೆ ಒಂದು ಮಾತು ಉಳಿದಿದೆ. ಭಾರತದ ನೆಲದಲ್ಲಿ ಹುಟ್ಟಿದ ಮಗುವಿನ ಜನನವನ್ನು ತಂದೆತಾಯಿ ಯಾರೇ ಆಗಿರಲಿ ನೋಂದಾಯಿಸಬೇಕು; ಅದರಿಂದ ಪೌರತ್ವ ದೊರೆಯುವುದೂ ಇಲ್ಲ, ಹೋಗುವುದೂ ಇಲ್ಲ. 1 ಅಕ್ಟೋಬರ್ 2023ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ, ಆ ದಿನದಿಂದ ಹುಟ್ಟಿದವರಿಗೆ ಶಾಲಾ ಪ್ರವೇಶದಲ್ಲಿ ಜನನ ಪ್ರಮಾಣಪತ್ರವೇ ಜನ್ಮದಿನಾಂಕದ ಪುರಾವೆ. ಈ ಮಕ್ಕಳು 2030ರ ಸುಮಾರಿಗೆ ಒಂದನೆಯ ತರಗತಿಯ ಬಾಗಿಲಿಗೆ ಬರುತ್ತಾರೆ. ತಮ್ಮ ವಾರ್ಡಿನ ಯಾವ ಶೆಡ್‌ನಲ್ಲಿ ಹೆರಿಗೆಯಾಗಿದೆ, ಯಾವುದರ ನೋಂದಣಿ ಬಾಕಿಯಿದೆ ಎಂಬುದನ್ನು ಸದಸ್ಯರು ಈ ತಿಂಗಳೇ ಆಶಾ ಕಾರ್ಯಕರ್ತೆಯರೊಂದಿಗೆ ಪರಿಶೀಲಿಸುವುದು ಸೂಕ್ತ.