ಗಾಲಿಯಿಲ್ಲದ ಬಂಡಿಗಳು

ಜಯನಗರದ ಉದ್ಯಾನಗಳಲ್ಲಿ ಆಡುವ ಮಕ್ಕಳಿಗೆ ಜಾರುಬಂಡಿ ಎಂದರೆ ಏಣಿ ಹತ್ತಿ ಸರ್ರನೆ ಕೆಳಗಿಳಿಯುವ ಆಟ. ಹಿಮದ ನಾಡುಗಳ ಜಾರುಬಂಡಿಯಾದರೋ ನಿಜವಾಗಿಯೂ ಬಂಡಿಯೇ; ಗಾಲಿಯೊಂದು ಮಾತ್ರ ಅದಕ್ಕಿಲ್ಲ. ಗಾಲಿಯನ್ನರಿಯದ ಜನರ ಒರಟು ಸಾಧನವಿದೆಂದು ನಾವು ಭಾವಿಸುವುದುಂಟು. ಆದರೆ ಗಾಲಿ ಹೂತುಹೋಗುವ ನೆಲದಲ್ಲಿ ಗಾಲಿಯನ್ನು ಬಿಡುವುದೇ ಜಾಣತನವಲ್ಲವೇ?

ನೆಲವೆಂತಹುದೋ ಬಂಡಿಯೂ ಅಂತಹುದು. ಕೆನಡದ ಕಾಡುಗಳಲ್ಲಿ ಹಿಮವು ಮೆತ್ತಗೆ, ಆಳವಾಗಿ ಬೀಳುತ್ತದೆ. ಅಲ್ಲಿನ ಮೂಲನಿವಾಸಿಗಳು ತೆಳುವಾದ ಹಲಗೆಯ ಮುಂತುದಿಯನ್ನು ಮೇಲಕ್ಕೆ ಬಾಗಿಸಿ ‘ಟೊಬಾಗನ್’ ಮಾಡಿಕೊಂಡರು. ಅಗಲವಾದ ತಳ ಭಾರವನ್ನು ಹಂಚುವುದರಿಂದ ಅದು ಹೂತುಕೊಳ್ಳದು. ಉತ್ತರ ಧ್ರುವದೆಡೆಯ ಇನ್ಯೂಟ್ ಜನರದು ಗಟ್ಟಿ ಮಂಜುಗಡ್ಡೆಯ ನೆಲ. ಅವರ ‘ಕೊಮಟಿಕ್’ ಬಂಡಿಗೆ ಎರಡು ಉದ್ದನೆಯ ಪಟ್ಟಿಗಳು, ಅವುಗಳ ಮೇಲೆ ಅಡ್ಡಪಟ್ಟಿಗಳು. ಇವನ್ನು ಮೊಳೆ ಹೊಡೆಯದೆ ಚರ್ಮದ ಹುರಿಯಿಂದ ಬಿಗಿಯುತ್ತಿದ್ದರು. ಹೀಗಾಗಿ ಏರುತಗ್ಗಿನಲ್ಲಿ ಬಂಡಿ ಬಳುಕುತ್ತಿತ್ತೇ ಹೊರತು ಮುರಿಯುತ್ತಿರಲಿಲ್ಲ. ಸ್ಕಾಂಡಿನೇವಿಯದ ಸಾಮಿ ಜನರು ದೋಣಿಯಾಕಾರದ ‘ಪುಲ್ಕ’ಕ್ಕೆ ಹಿಮಸಾರಂಗವನ್ನು ಕಟ್ಟಿದರು. ರಷ್ಯದ ‘ತ್ರೋಯ್ಕ’ದಲ್ಲಿ ಮೂರು ಕುದುರೆಗಳು ಸಾಲಾಗಿ ಓಡುತ್ತವೆ, ನಡುವಿನದು ದುಡುಕಿಯಲ್ಲಿ, ಅಕ್ಕಪಕ್ಕದವು ನಾಗಾಲೋಟದಲ್ಲಿ.

ಈ ಬಂಡಿಗಳು ಜೀವವನ್ನೂ ಉಳಿಸಿವೆ. 1925ರ ಚಳಿಗಾಲದಲ್ಲಿ ಅಲಾಸ್ಕದ ನೋಮ್ ಊರಿಗೆ ಗಂಟಲಮಾರಿ ಬಂದಾಗ, ಔಷಧವನ್ನು ಸುಮಾರು 1,085 ಕಿಲೋಮೀಟರು ದೂರದಿಂದ ತಂದುದು ನಾಯಿಗಳು ಎಳೆದ ಜಾರುಬಂಡಿಗಳು. ಇಪ್ಪತ್ತು ಮಂದಿ ಸಾರಥಿಗಳು ಸರದಿಯಂತೆ ಸಾಗಿ, ಐದೂವರೆ ದಿನಗಳಲ್ಲಿ ಆ ದಾರಿಯನ್ನು ಮುಗಿಸಿದರು.

ಹಿಮವನ್ನೇ ಕಾಣದ ಕನ್ನಡನಾಡಿಗೂ ಇದಕ್ಕೂ ಏನು ನಂಟು ಎಂದು ವಾಚಕರು ಕೇಳಬಹುದು. ನಮ್ಮಲ್ಲಿ ಹಿಮವಿಲ್ಲ, ಕೆಸರುಂಟು. ಅದರ ಮೇಲೆ ಜಾರುವ ಬಂಡಿಯೂ ಉಂಟು. ಅದರ ಹೆಸರು ಹಲಗೆ. ಗದ್ದೆಯನ್ನು ಉತ್ತು ಕೆಸರು ಮಾಡಿದ ಮೇಲೆ, ಎತ್ತು ಅಥವಾ ಕೋಣಗಳಿಗೆ ಮರದ ಹಲಗೆಯನ್ನು ಕಟ್ಟಿ, ಭಾರಕ್ಕೆಂದು ರೈತನು ಅದರ ಮೇಲೆ ನಿಲ್ಲುತ್ತಿದ್ದನು. ದಿಬ್ಬದ ಮಣ್ಣು ತಗ್ಗಿಗೆ ಸರಿದು ನೆಲ ಸಮವಾಗುತ್ತಿತ್ತು. ನೀರು ಒಂದೇ ಮಟ್ಟದಲ್ಲಿ ನಿಲ್ಲದಿದ್ದರೆ, ಆಳದಲ್ಲಿ ನೇಜಿ ಕೊಳೆಯುತ್ತದೆ, ದಿಬ್ಬದಲ್ಲಿ ಕಳೆ ಏಳುತ್ತದೆ. ಮನೆಮಂದಿಯ ಅನ್ನವೇ ಆ ಹಲಗೆಯ ಮೇಲೆ ನಿಂತಿತ್ತು ಎಂದರೆ ಉತ್ಪ್ರೇಕ್ಷೆಯಲ್ಲ.

ಕರಾವಳಿಯಲ್ಲಿ ಈ ಕೆಲಸವೇ ಕಂಬಳದ ಸ್ಪರ್ಧೆಯೂ ಆಯಿತು. ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳ ಹೆಸರಿನಲ್ಲೇ ಗದ್ದೆಯ ನೆನಪಿದೆ. ಕನೆ ಹಲಗೆಯಲ್ಲಿ ತೂತುಗಳಿರುತ್ತವೆ. ಕೋಣಗಳು ಓಡಿದಂತೆ ಅವುಗಳೊಳಗಿಂದ ನೀರು ಕಾರಂಜಿಯಾಗಿ ಚಿಮ್ಮುತ್ತದೆ. 6.5 ಕೋಲು, 7.5 ಕೋಲು ಎತ್ತರದಲ್ಲಿ ಕಟ್ಟಿದ ನಿಶಾನೆಗೆ ಆ ನೀರು ತಾಗಬೇಕು. ಇಲ್ಲಿ ವೇಗಕ್ಕಿಂತ ನೀರಿನ ಎತ್ತರವೇ ಗೆಲುವಿನ ಅಳತೆ.

ಮೂಕಪ್ರಾಣಿಗಳಿಗೆ ಹಿಂಸೆಯಾಗುವುದೆಂಬ ಆಕ್ಷೇಪವೂ ಎದ್ದಿತು. 2014ರ ಜಲ್ಲಿಕಟ್ಟು ತೀರ್ಪಿನ ತರುವಾಯ ಕಂಬಳಕ್ಕೂ ಅಡ್ಡಿಯಾಯಿತು. 2017ರಲ್ಲಿ ರಾಜ್ಯದ ಶಾಸಕಾಂಗವು ಕಾಯಿದೆಯನ್ನು ತಿದ್ದಿತು. 2023ರ ಮೇ 18ರಂದು ಸುಪ್ರೀಂ ಕೋರ್ಟು ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ಅದೇ ವರ್ಷದ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿಯೇ ಕಂಬಳ ನಡೆಯಿತು. ಅನುಮತಿ ದೊರೆತ ಮಾತ್ರಕ್ಕೆ ಹೊಣೆ ತೀರಲಿಲ್ಲ. ಕೋಣವನ್ನು ನೋಯಿಸದೆ ಓಡಿಸುವುದು ಓಡಿಸುವವರ ಧರ್ಮ, ಅದನ್ನು ಕೇಳಿ ನೋಡುವುದು ಪ್ರೇಕ್ಷಕರ ಧರ್ಮ.

ಗದ್ದೆಯ ಹಲಗೆಗಾದರೋ ಯಾವ ನ್ಯಾಯಾಲಯವೂ ಅಡ್ಡಿಮಾಡಲಿಲ್ಲ. ಟ್ರಾಕ್ಟರು, ಟಿಲ್ಲರುಗಳು ಬಂದವು. ಅದು ಹಲವೆಡೆ ಸದ್ದಿಲ್ಲದೆ ಅಟ್ಟ ಸೇರಿತು. ನಗರದ ಅಂಚಿನಲ್ಲಿ ನೆಲವೇ ಮರೆಯಾಯಿತು. ಬಿ.ಟಿ.ಎಂ. ಎಂಬ ಮೂರಕ್ಷರಗಳಲ್ಲಿ ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳು ಅಡಗಿವೆಯೆಂಬುದನ್ನು ಅಲ್ಲಿ ವಾಸಿಸುವವರಲ್ಲಿ ಎಷ್ಟು ಮಂದಿ ನೆನೆಯುತ್ತಾರೆ?

ಮುಂದಿನ ರಜೆಗೆ ಊರಿಗೆ ಹೋದಾಗ, ಹಲಗೆಯ ಮೇಲೆ ನಿಂತು ಹೇಗೆ ತೂಗಿಸಿಕೊಳ್ಳುತ್ತಿದ್ದಿರೆಂದು ಅಜ್ಜನನ್ನು ಕೇಳುವಂತೆ ಮಕ್ಕಳಿಗೆ ಹೇಳಿರಿ. ಆ ವಿದ್ಯೆ ಕಾಲಿನಲ್ಲಿದೆ. ನಿಂತವರು ಹೇಳಿದರೆ ಮಾತ್ರ ಉಳಿದೀತು.